ಸೆವರ್ನ್ ದಂಡೆಯಲ್ಲಿ ಹಾಕಿದ ಕರ್ಚೀಫು

ಮೊನ್ನೆ ಸಂಜೆ ಮಂಗಳೂರಿನ ಹಂಪನಕಟ್ಟೆಯ ಕೆಳಗಿನ ಬಸ್ಸು ನಿಲ್ದಾಣದಲ್ಲಿ ನನಗೆ ಸಾರ್ವಜನಿಕ ಅವಮಾನವೊಂದು ನಡೆದುಹೋಯಿತು. ಮಣ್ಣಗುಡ್ಡದ ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ. ನಾನು ಪದ್ಧತಿಯ ಪ್ರಕಾರ ಕಿಟಕಿಯೊಳಗೆ ಕರ್ಚೀಫು ಎಸೆದೆ. ಎಪ್ಪತ್ತು ದಾಟಿದ ಕೈಯಾದರೂ ಗುರಿ ತಪ್ಪಲಿಲ್ಲ. ಎಡಬದಿಯ ಮೂರನೆಯ ಸೀಟಿನ ನಟ್ಟನಡುವೆಯೇ ಬಿತ್ತು. ಗೆದ್ದ ಸೇನಾಪತಿಯ ನಿಧಾನದಲ್ಲಿ ಒಳಗೆ ಹೋಗಿ ನೋಡಿದರೆ ಆ ಸೀಟಿನಲ್ಲಿ ಒಬ್ಬಳು ಕಾಲೇಜು ಹುಡುಗಿ ಕೂತಿದ್ದಾಳೆ. ನನ್ನ ಕರ್ಚೀಫನ್ನು ಸತ್ತ ಜಿರಳೆಯ ಹಾಗೆ ಎರಡು ಬೆರಳಿನಲ್ಲಿ ಹಿಡಿದು, "ಅಂಕಲ್, ಇದು ನಿಮ್ಮದಾ? ಇಲ್ಲಿ ಬಿದ್ದಿತ್ತು" ಎಂದು ಬಹಳ ವಿನಯದಿಂದ ಕೊಟ್ಟಳು.

ಬಿದ್ದಿತ್ತಂತೆ! ಕರ್ಚೀಫು ಬೀಳುವುದಕ್ಕೂ ಹಾಕುವುದಕ್ಕೂ ಇರುವ ವ್ಯತ್ಯಾಸ ತಿಳಿಯದ ಒಂದು ತಲೆಮಾರು ನಮ್ಮ ಕಣ್ಣೆದುರೇ ಪದವಿ ಪಡೆಯುತ್ತಿದೆ. ನಾನು "ಥ್ಯಾಂಕ್ಯೂ" ಎಂದು ತೆಗೆದುಕೊಂಡು ಮಣ್ಣಗುಡ್ಡದವರೆಗೆ ನಿಂತೇ ಬಂದೆ. ನಿಂತವನಿಗೆ ಯೋಚಿಸುವುದಕ್ಕೆ ಪುರಸೊತ್ತು ಹೆಚ್ಚು. ಇಂಗ್ಲೆಂಡಿನ ಒಂದು ಹಳೆಯ ಊರು, ಅದರ ಹೊಳೆಬದಿಯ ಪಾರ್ಕು, ಅಲ್ಲಿ ಇದೇ ಮಾತನ್ನು ಇದಕ್ಕಿಂತಲೂ ವಿನಯದಿಂದ ನನಗೆ ಹೇಳಿದ ಒಬ್ಬ ಬಿಳಿ ಮೀಸೆಯ ಮುದುಕ, ಎಲ್ಲ ನೆನಪಿಗೆ ಬಂತು.

ಅಲ್ಲಿಗೆ ಹೋಗುವ ಮೊದಲು ಕರ್ಚೀಫಿನ ಕಾನೂನನ್ನು ತಮಗೆ ತಿಳಿಸಬೇಕು. ಅದು ಬರೆದ ಕಾನೂನಲ್ಲ. ಬರೆದ ಕಾನೂನುಗಳಿಗಿಂತ ಚೆನ್ನಾಗಿ ನಡೆಯುತ್ತಿದ್ದದ್ದರಿಂದ ಬರೆಯುವ ಅಗತ್ಯ ಬಿದ್ದಿರಲಿಲ್ಲ. ಬಸ್ಸಿನ ಸೀಟಿನ ಮೇಲೆ ಕರ್ಚೀಫು ಉಂಟೆಂದರೆ ಅಲ್ಲಿ ಮನುಷ್ಯ ಉಂಟು ಎಂದೇ ಲೆಕ್ಕ. ಮನುಷ್ಯ ಕಣ್ಣಿಗೆ ಕಾಣಬೇಕಾಗಿಲ್ಲ. ಅವನು ಇನ್ನೂ ಮಾರ್ಕೆಟಿನಲ್ಲಿ ಬಂಗುಡೆಗೆ ಚೌಕಾಸಿ ಮಾಡುತ್ತಿರಬಹುದು. ಯಾರಾದರೂ ಬಂದು ಕೇಳಿದರೆ ಪಕ್ಕದವರು "ಜನ ಉಂಟು" ಎನ್ನಬೇಕು, ಕೇಳಿದವರು ನಂಬಬೇಕು. ಕರ್ಚೀಫನ್ನು ಮುಟ್ಟುವ ಅಧಿಕಾರ ಇದ್ದದ್ದು ಯಾರಿಗಾಗಿ ಸೀಟು ಹಿಡಿಯಲಾಗಿದೆಯೋ ಅವನೊಬ್ಬನಿಗೆ. ಅವನು ಅದನ್ನು ಎತ್ತಿ, ನಾಲ್ಕು ಮಡಿಕೆ ಮಡಚಿ, ಹಾಕಿದವನ ಕೈಗೆ ಇಳಿಯುವ ಮೊದಲೇ ಮರಳಿಸಬೇಕು. ಉಪಕಾರ ಸ್ಮರಣೆ ಮಾಡುವ ಕ್ರಮ ಇರಲಿಲ್ಲ. ಅದು ಅಪಚಾರ ಎನಿಸುತ್ತಿತ್ತು.

ಈ ಶಾಸ್ತ್ರದಲ್ಲಿ ನನಗೆ ಗುರು ನಮ್ಮ ಪಕ್ಕದ ಮನೆಯ ಫೆಲಿಕ್ಸ್ ಪೊರ್ಬುಗಳು. ಕೊಂಕಣಿ ಮಾತಾಡುವ ಕ್ರಿಸ್ತುವರ ಮನೆಯ ಹಿರಿಯರನ್ನು ನಾವು ತುಳುವರು ಪೊರ್ಬುಗಳೇ ಎಂದು ಕರೆಯುವುದು ವಾಡಿಕೆ. ಅವರು ಹೊಳೆಬದಿಯ ಹಂಚಿನ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ನಾನು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ಟ್ರು. ಸಂಜೆ ಇಬ್ಬರಿಗೂ ಒಂದೇ ಬಸ್ಸು. ಅವರು ನನಗಿಂತ ಹತ್ತು ನಿಮಿಷ ಮೊದಲು ನಿಲ್ದಾಣಕ್ಕೆ ಬಂದು, ಒಂದು ಸೀಟಿನಲ್ಲಿ ತಾವು ಕೂತು, ಪಕ್ಕದ್ದರಲ್ಲಿ ಕರ್ಚೀಫು ಹಾಸಿ, ನನಗಾಗಿ ಕಾಯುತ್ತಿದ್ದರು. ಪ್ರಯಾಣ ಎಷ್ಟು ಹೊತ್ತಿನದೆಂದು ಕೇಳುತ್ತೀರಾ? ಕಾಲು ಗಂಟೆಯದು. ನಿಂತು ಬಂದರೆ ಪ್ರಾಣ ಹೋಗುತ್ತಿರಲಿಲ್ಲ. ಆದರೆ ಇದು ಕಾಲಿನ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ. ಪೇಟೆಯಲ್ಲಿ ಒಬ್ಬ ಮನುಷ್ಯ ನಮಗಾಗಿ ಸೀಟು ಹಿಡಿದು ಕೂತಿದ್ದಾನೆ ಎಂಬ ಧೈರ್ಯದಲ್ಲಿ ಮೂವತ್ತು ವರ್ಷ ಪಾಠ ಮಾಡುವುದೆಂದರೆ ಸಾಮಾನ್ಯವೇ! ನಿವೃತ್ತರಾದ ಮೇಲೂ ನಾವು ಇದನ್ನು ಬಿಡಲಿಲ್ಲ. ಸಂಜೆ ಪೇಟೆಗೆ ಹೋಗುತ್ತಿದ್ದೆವು. ಹೋಗಿ ಮಾಡುವ ಕೆಲಸ ಏನೂ ಇರಲಿಲ್ಲ. ವಾಪಸ್ಸು ಬರುವುದೇ ಕೆಲಸ.

ಪೊರ್ಬುಗಳ ಕರ್ಚೀಫು ಸಾಧಾರಣದ್ದಲ್ಲ. ನೀಲಿ ಚೌಕುಳಿಯ, ಒಂದು ಸಣ್ಣ ಮೇಜು ಮುಚ್ಚುವಷ್ಟು ದೊಡ್ಡ ವಸ್ತ್ರ. ಮೂಲೆಯಲ್ಲಿ ಕೆಂಪು ನೂಲಿನ ಒಂದು ಎಫ್ ಅಕ್ಷರ. ಮಗಳು ಸಿಲ್ವಿಯಾ ಐದನೆಯ ತರಗತಿಯಲ್ಲಿ ಹೊಲಿಗೆ ಟೀಚರಿಗೆ ತೋರಿಸಲು ಹಾಕಿದ ಕಸೂತಿ ಅದು. ಅಕ್ಷರ ಬಲಕ್ಕೆ ವಾಲಿ ಈಗ ಬಿದ್ದೀತು, ಇನ್ನೇನು ಬಿದ್ದೀತು ಎಂಬಂತಿತ್ತು. ಒಂದು ಡಜನ್ ಕರ್ಚೀಫಿಗೆ ಅವಳು ಹೀಗೆ ಹಾಕಿದ್ದಳು. ವರ್ಷಗಳು ಕಳೆದು ಹನ್ನೊಂದು ಸವೆದು ಹೋಗಿ, ಉಳಿದ ಒಂದನ್ನು ಪೊರ್ಬುಗಳು ಸೀಟು ಹಿಡಿಯಲು ಮಾತ್ರ ಬಳಸುತ್ತಿದ್ದರು. ಮೂಗಿಗೆ ಬೇರೆ ಇತ್ತು.

ಮೂರು ವರ್ಷದ ಹಿಂದೆ ಒಂದು ಶುಕ್ರವಾರ ನನಗೆ ವಿಪರೀತ ಶೀತ. ಬಸ್ಸಿನಲ್ಲಿ ಕೂರುತ್ತ ಕರ್ಚೀಫನ್ನು ಎತ್ತಿದೆ, ಮಡಚುವ ಮೊದಲೇ ಸೀನು ಬಂತು, ಅದರೊಳಗೇ ಸೀನಿಬಿಟ್ಟೆ. ಪೊರ್ಬುಗಳು ಕಿಟಕಿಯ ಹೊರಗೆ ನೋಡುತ್ತ ಗಂಭೀರವಾಗಿ, "ಇವತ್ತಿಗೆ ನೀವೇ ಇಟ್ಕೊಳ್ಳಿ ಮಾಸ್ಟ್ರೇ. ಒಗೆದು ಕೊಡಿ. ಇಸ್ತ್ರಿ ಹಾಕ್ಬೇಕು. ಗಂಜಿ ಹಾಕುದು ಬೇಡ" ಎಂದರು.

ಶನಿವಾರ ಒಗೆದೆ. ಭಾನುವಾರ ಬೆಳಿಗ್ಗೆ ಇಸ್ತ್ರಿ ಹಾಕಿ ಬೇಲಿಯ ಹತ್ತಿರ ಹೋದಾಗ ಅವರ ಮನೆಯಂಗಳದಲ್ಲಿ ಜನ ಸೇರಿದ್ದರು. ಇಗರ್ಜಿಯ ಪೂಜೆಗೆ ಹೊರಟು, ಶೂ ಹಾಕಲೆಂದು ಜಗಲಿಯ ಆರಾಮ ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ.

ಕೆಲವು ದಿನ ಬಿಟ್ಟು ಕರ್ಚೀಫನ್ನು ಅವರ ಹೆಂಡತಿ, ನಾವು ಗೌರವದಿಂದ ಬಾಯಿ ಎಂದು ಕರೆಯುವ ಲಿಲ್ಲಿಯವರಿಗೆ ಕೊಡಲು ಹೋದೆ. ಅವರು ಅದನ್ನು ನೋಡಿ, "ನಿಮ್ಮತ್ರವೇ ಇರ್ಲಿ ಮಾಸ್ಟ್ರೇ" ಎಂದು ಒಳಗೆ ಹೋದರು. ಹಾಗೆ ಅದು ನನ್ನ ಕಪಾಟಿನಲ್ಲಿ ಉಳಿಯಿತು. ಅಷ್ಟೂ ವರ್ಷಗಳಲ್ಲಿ ಮರಳಿಸದೆ ಉಳಿದ ಒಂದೇ ಒಂದು ಕರ್ಚೀಫು.

ಸಿಲ್ವಿಯಾ ಆಗ ಇಂಗ್ಲೆಂಡಿನಲ್ಲಿ ನರ್ಸ್. ವಿಮಾನ ಹೊಂದಲಿಲ್ಲ. ಅಪ್ಪನನ್ನು ಮಣ್ಣು ಮಾಡುವುದನ್ನು ಅವಳು ಮೊಬೈಲಿನಲ್ಲಿ ನೋಡಿದಳು. ಮೊಬೈಲು ಹಿಡಿದಿದ್ದ ಸಂಬಂಧಿಕರ ಕೈ ನಡುಗುತ್ತಿದ್ದುದರಿಂದ ಅವಳು ನೋಡಿದ್ದು ಹೆಚ್ಚಾಗಿ ಆಕಾಶವನ್ನಂತೆ. ಅದರ ನಂತರ ಅವಳು ಊರಿಗೆ ಬರಲೇ ಇಲ್ಲ. ಎರಡು ಕ್ರಿಸ್ಮಸ್ ಹೋಯಿತು, ಅಣ್ಣನ ಮಗುವಿಗೆ ಹೆಸರಿಡುವ ಕ್ರಿಸ್ಟನಿಂಗ್ ಹೋಯಿತು. ಪ್ರತಿಸಲ ಡ್ಯೂಟಿ.

ಹೀಗಿರುವಾಗ ಕಳೆದ ವರ್ಷ ನನ್ನ ಹೆಂಡತಿ ವಾರಿಜಳ ತಂಗಿಯ ಮಗನ ಮದುವೆ ಬರ್ಮಿಂಗ್‌ಹ್ಯಾಮಿನಲ್ಲಿ ಎಂದು ನಿಶ್ಚಯವಾಗಿ, ನಾವಿಬ್ಬರೂ ಈ ವಯಸ್ಸಿನಲ್ಲಿ ಸಮುದ್ರೋಲ್ಲಂಘನೆ ಮಾಡುವುದೆಂದಾಯಿತು. ಹೊರಡುವ ಹಿಂದಿನ ದಿನ ಲಿಲ್ಲಿ ಬಾಯಿ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ, ಒಂದು ಕಿಲೋ ಬಫಾತಿನ ಮಸಾಲೆ ಪುಡಿ ಹಿಡಿದುಕೊಂಡು ಬಂದರು.

"ಸಿಲ್ವಿ ಇರುವ ಊರು ಅಲ್ಲಿಂದ ಟ್ರೇನಿನಲ್ಲಿ ಒಂದು ಗಂಟೆಯಂತೆ. ಇದನ್ನು ಕೊಡಿ. ಮತ್ತೆ…" ಎಂದು ವಾರಿಜಳ ಮುಖ ನೋಡಿದರು.

"ಹೇಳಿ ಬಾಯಿ" ಎಂದಳು ವಾರಿಜ.

"ಒಂದ್ಸಲ ಬಂದು ಹೋಗ್ಲಿಕ್ಕೆ ಹೇಳಿ ವಾರಿಜಕ್ಕ. ನನಗೆ ಇಲ್ಲಿ ಎಂತದೂ ಕಮ್ಮಿ ಇಲ್ಲ. ಮಗ, ಸೊಸೆ, ಮಕ್ಕಳು, ಮನೆ ತುಂಬ ಗಲಾಟೆ. ಅವಳಿಗೇ ಎಂತದೋ ಕಮ್ಮಿ ಉಂಟು. ಫೋನಿನಲ್ಲಿ ಡ್ಯಾಡಿಯ ಹೆಸರು ತೆಗೆದ್ರೆ ಅವಳಿಗೆ ಕೂಡಲೇ ಬೆಲ್ ಆಗ್ತದೆ, ಡೋರಿಗೆ ಯಾರೋ ಬರ್ತಾರೆ. ನೀವು ಹೇಳಿದ್ರೆ ಕೇಳಿಯಾಳು. ನಾನು ಹೇಳಿದ್ದೂಂತ ಮಾತ್ರ ಹೇಳ್ಬೇಡಿ ಆಯ್ತಾ."

"ಮದುವೆ ವಿಷಯ ಮಾತಾಡ್ಬೇಕಾ?" ಎಂದು ನಾನು ಕೇಳಿದೆ. ಸಿಲ್ವಿಗೆ ಮೂವತ್ತೈದು.

"ಅದು ಎರಡನೇದ್ದು. ಮೊದಲು ಬರ್ಲಿ."

ಈ ರಾಯಭಾರದ ಭಾರವನ್ನು ಹೊತ್ತು, ಇಸ್ತ್ರಿ ಹಾಕಿದ ಕರ್ಚೀಫನ್ನೂ ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು ನಾನು ಹೊರಟೆ. ಅಪ್ಪನದ್ದನ್ನು ಮಗಳಿಗೆ ಮರಳಿಸಿದರೆ ಕಾನೂನಿನ ಪ್ರಕಾರ ಅರ್ಧವಾದರೂ ಊರ್ಜಿತವಾದೀತು ಎಂದು ನನ್ನ ಲೆಕ್ಕ.

ಊರಿನ ಹೆಸರು ಶ್ರೂಸ್‌ಬರಿ. ಇದನ್ನು ಹೇಗೆ ಉಚ್ಚರಿಸಬೇಕೆಂಬ ಬಗ್ಗೆ ಆ ಊರಿನವರಲ್ಲೇ ಎರಡು ಪಂಗಡವಂತೆ. ಪರದೇಶಿಯಾದ ನಾನು ತಟಸ್ಥ. ಜೂನ್ ತಿಂಗಳ ಶನಿವಾರ. ಟ್ರೇನಿನ ಡಬ್ಬಿಯಲ್ಲಿ ಬಫಾತಿನ ಪುಡಿ ತನ್ನ ಇರವನ್ನು ಎಲ್ಲರಿಗೂ ತಿಳಿಸುತ್ತ ಬಂತು. ಎದುರಿನ ಹೆಂಗಸು ಎರಡು ಸಲ ಕಿಟಕಿ ತೆರೆಯಲು ಪ್ರಯತ್ನಿಸಿ, ಅದು ತೆರೆಯುವ ಜಾತಿಯದ್ದಲ್ಲವೆಂದು ತಿಳಿದು ನಮ್ಮನ್ನು ನೋಡಿ ನಕ್ಕಳು.

ಸಿಲ್ವಿ ಸ್ಟೇಷನ್ನಿಗೆ ಬಂದಿದ್ದಳು. ತೆಳ್ಳಗಾಗಿದ್ದಳು. "ಮಾಸ್ಟ್ರೇ, ಆಂಟೀ" ಎಂದು ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡು, ಚೀಲವನ್ನು ಮೂಸಿ, "ಮಮ್ಮಿಯ ಬಫಾತ್!" ಎಂದಳು. ಬಾಟಲಿ, ಪುಡಿ ಎರಡನ್ನೂ ತನ್ನ ಚೀಲಕ್ಕೆ ಸೇರಿಸಿದಳು. ಅಪ್ಪನ ಸುದ್ದಿ ಬರಲಿಲ್ಲ.

ಊರು ಹಳೆಯದೆಂದರೆ ಅಂತಿಂಥ ಹಳೆಯದಲ್ಲ. ಸ್ಟೇಷನ್ನಿನಿಂದ ಹೊರಬಂದರೆ ತಲೆಯ ಮೇಲೆಯೇ ಕೆಂಪು ಕಲ್ಲಿನ ಕೋಟೆ. ಮುಂದೆ ಓಣಿಗಳು. ಬಿಳಿ ಗೋಡೆಗೆ ಕಪ್ಪು ಮರದ ಪಟ್ಟಿಗಳನ್ನು ಬಿಗಿದ ಮನೆಗಳು. ಒಂದೊಂದು ಮಾಳಿಗೆಯೂ ಕೆಳಗಿನದಕ್ಕಿಂತ ಒಂದು ಮೊಳ ಮುಂದೆ ಬಂದು, ಎದುರುಬದುರಿನ ಮನೆಗಳು ಮೇಲಿಂದ ಒಂದರ ಕಿವಿಯಲ್ಲಿ ಇನ್ನೊಂದು ಗುಟ್ಟು ಹೇಳುವಂತೆ ಬಾಗಿವೆ. ವಾರಿಜ ಓಣಿಯ ಬಾಯಲ್ಲೇ ನಿಂತಳು.

"ಇದು ಬೀಳುದಿಲ್ವಾ?"

"ಐನೂರು ವರ್ಷದಿಂದ ಬಿದ್ದಿಲ್ಲ ಆಂಟಿ."

"ಹಾಗಾದ್ರೆ ಇವತ್ತೇ ಬೀಳ್ಲಿಕ್ಕೂ ಸಾಕು" ಎಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಓಣಿಯನ್ನು ಓಡಿದ ಹಾಗೆ ದಾಟಿದಳು. ಮಂಡಿನೋವಿನ ಮಾತ್ರೆ ಮಾಡದ ಕೆಲಸವನ್ನು ಇಂಗ್ಲೆಂಡಿನ ವಾಸ್ತುಶಿಲ್ಪ ಮಾಡಿತು.

ಇನ್ನೊಂದು ಬೀದಿಯ ಹೆಸರು ಮೀನಿನ ಬೀದಿ. ಬೋರ್ಡು ಓದಿ ನಾವಿಬ್ಬರೂ ಸ್ವಾಭಾವಿಕವಾಗಿಯೇ ಮೂಗನ್ನು ಮುಂದೆ ಮಾಡಿಕೊಂಡು ಹೋದೆವು. ಅಲ್ಲಿ ಮೀನು ಇರಲಿಲ್ಲ. ಮೇಣದ ಬತ್ತಿ ಮಾರುವ ಅಂಗಡಿ ಇತ್ತು. "ಒಂದು ಕಾಲದಲ್ಲಿ ಇತ್ತಂತೆ" ಎಂದಳು ಸಿಲ್ವಿ. "ವಾಸನೆಯನ್ನಾದ್ರೂ ಉಳಿಸ್ಕೊಳ್ಬಹುದಿತ್ತು" ಎಂದು ವಾರಿಜ ಮರುಗಿದಳು. ಬೆಂಗ್ರೆಯ ದೋಣಿಗಳಿಂದ ಮೀನು ಇಳಿಯುವ ಬಂದರಿನ ಧಕ್ಕೆಯನ್ನು ಇವರಿಗೆ ಒಪ್ಪಿಸಿದರೆ ಐನೂರು ವರ್ಷದ ಮೇಲೆ ಅಲ್ಲಿಯೂ ಮೇಣದ ಬತ್ತಿ ಮಾರಿಯಾರು ಎಂದು ನನಗೆ ಭಯವಾಯಿತು.

ಆದರೆ ನನ್ನ ಮಹತ್ವದ ಗಳಿಗೆ ಬಂದದ್ದು ಸೇತುವೆಯ ಮೇಲೆ. ಕೆಳಗೆ ಸೆವರ್ನ್. ಬ್ರಿಟನ್ನಿನ ಅತ್ಯಂತ ಉದ್ದದ ನದಿ ಯಾವುದೆಂದು ನಾನು ಮೂವತ್ತು ವರ್ಷ ಮಕ್ಕಳನ್ನು ಕೇಳಿದ್ದೇನೆ. ಅದು ಪಠ್ಯದಲ್ಲಿರಲಿಲ್ಲ, ಮಕ್ಕಳು ಥೇಮ್ಸ್ ಎಂದು ತಪ್ಪು ಹೇಳುವುದನ್ನು ಕೇಳುವ ಸುಖಕ್ಕಾಗಿ ಕೇಳುತ್ತಿದ್ದೆ. ಕಣ್ಣಾರೆ ನೋಡಿದ್ದು ಇದೇ ಮೊದಲು. ಊರಿಗೆ ಮೂರು ಬದಿಯಿಂದ ಉಡಿದಾರ ಕಟ್ಟಿದಂತೆ ಸುತ್ತುವರಿದು, ಕೊನೆಗೆ ಸ್ವಲ್ಪ ಜಾಗ ಬಿಟ್ಟು, ಮರ್ಯಾದೆಯಿಂದ ಮುಂದೆ ಹೋಗುತ್ತದೆ. ನಾನು ನದಿಯ ಬಾಗುವಿಕೆಯ ಕುರಿತು ಸೇತುವೆಯ ಮೇಲೆಯೇ ಸಣ್ಣದೊಂದು ಪಾಠ ಮಾಡಿದೆ.

"ನಾನು ಥೇಮ್ಸ್ ಅಂತ ಬರೆದದ್ದಕ್ಕೆ ನೀವು ಒಂದು ಮಾರ್ಕು ಕಟ್ ಮಾಡಿದ್ರಿ" ಎಂದಳು ಸಿಲ್ವಿ. "ಅದಕ್ಕೇ ದೇವರು ನನ್ನನ್ನು ಇದರ ದಂಡೆಯಲ್ಲೇ ಇಟ್ಟದ್ದು. ದಿನಾ ಇಂಪೊಸಿಷನ್."

"ನಮ್ಮ ಕೂಳೂರಿನ ಹೊಳೆಯ ಕಾಲು ಭಾಗ ಇಲ್ಲ. ಇದಕ್ಕಾ ಅಷ್ಟು ಪಾಠ?" ಎಂದಳು ವಾರಿಜ. ನಾನು ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ವಿವರಿಸುವಷ್ಟರಲ್ಲಿ ಅವರಿಬ್ಬರೂ ಮುಂದೆ ಹೋಗಿದ್ದರು.

ಗುಡ್ಡದ ತುದಿಯಲ್ಲಿ ಒಂದು ದುಂಡಗಿನ ಇಗರ್ಜಿ, ಅದರ ಎದುರಿನಿಂದ ಹೊಳೆಯವರೆಗೆ ಇಳಿಜಾರಾಗಿ ಹಾಸಿದ ಪಾರ್ಕು. ಹಿಂದೆ ಅದು ಕಲ್ಲು ಕಡಿಯುವ ಕೋರೆಯಾಗಿತ್ತಂತೆ, ಹೆಸರೂ ಅದೇ. ನಮ್ಮಲ್ಲಿ ಕೆಂಪುಕಲ್ಲು ಮುಗಿದ ಕೋರೆಯಲ್ಲಿ ಮಳೆಗಾಲಕ್ಕೆ ನೀರು, ಬೇಸಗೆಗೆ ಕಸ. ಇವರು ಗುಂಡಿಯೊಳಗೆ ಹೂದೋಟ ಮಾಡಿ, ಬಾತುಕೋಳಿ ಬಿಟ್ಟಿದ್ದಾರೆ. ಹೊಳೆಯ ಬದಿಗೆ ಸಾಲು ಮರಗಳು, ನೀರಿನಲ್ಲಿ ಹುಟ್ಟು ಹಾಕುವ ಉದ್ದ ದೋಣಿಗಳು. ಅಂದು ಬಿಸಿಲು ಇದ್ದುದರಿಂದ ಊರಿಗೆ ಊರೇ ಹೊರಬಂದು ಸಂಡಿಗೆಯ ಹಾಗೆ ಹುಲ್ಲಿನ ಮೇಲೆ ಒಣಗುತ್ತಿತ್ತು.

ಇಗರ್ಜಿಯ ಮೆಟ್ಟಿಲು ಇಳಿಯುವಾಗ ವಾರಿಜಳ ಮಂಡಿ ಮುಷ್ಕರ ಹೂಡಿತು. ಅವಳು ಅಲ್ಲೇ ಗಿಡ್ಡ ಗೋಡೆಯ ಮೇಲೆ ಒರಗಿದಳು. ಸಿಲ್ವಿ ಚಹಾ ತರಲು ಹೋದಳು. ನಾನು ಆಸನ ಹುಡುಕಿಕೊಂಡು ಇಳಿದೆ.

ಬೆಂಚುಗಳೆಲ್ಲ ಭರ್ತಿ. ಹೊಳೆಯ ದಡದಲ್ಲೇ ಒಂದು ಖಾಲಿ ಇತ್ತು. ಆ ಕಡೆಯಿಂದ ಐಸ್‌ಕ್ರೀಮ್ ಹಿಡಿದ ಇಬ್ಬರು ಹೆಂಗಸರು ಅದರತ್ತಲೇ ಬರುತ್ತಿದ್ದರು. ತಾವೇ ಹೇಳಿ, ನಾನು ಏನು ಮಾಡಬೇಕಿತ್ತು? ನನ್ನ ತಲೆ ಏನನ್ನೂ ಮಾಡಲಿಲ್ಲ. ಕೈ ಮಾಡಿತು. ಕಿಸೆಗೆ ಹೋಗಿ, ಹೊರಬಂದು, ಬೀಸಿತು. ನೀಲಿ ಚೌಕುಳಿ ಗಾಳಿಯಲ್ಲಿ ಬಿಚ್ಚಿಕೊಂಡು ಬೆಂಚಿನ ಮೇಲೆ ಹಾಸಿಕೊಂಡಿತು. ಆಮೇಲೆಯೇ ನನಗೆ ತಿಳಿದದ್ದು, ಹಾಕಿದ್ದು ಪೊರ್ಬುಗಳ ಕರ್ಚೀಫು ಎಂದು. ಇರಲಿ, ಅದರ ಕಸುಬೇ ಅದಲ್ಲವೇ ಎಂದು ಸಮಾಧಾನ ಮಾಡಿಕೊಂಡು, ಮಂಗಳೂರಿನ ಕಾನೂನು ಸೆವರ್ನ್ ದಂಡೆಯಲ್ಲೂ ಜಾರಿಯಲ್ಲಿದೆ ಎಂಬ ಪೂರ್ಣ ವಿಶ್ವಾಸದಿಂದ ಹೆಂಡತಿಯನ್ನು ಕರೆತರಲು ಬೆನ್ನು ತಿರುಗಿಸಿದೆ.

ವಾರಿಜಳ ಕೈ ಹಿಡಿದು ಇಳಿಸಿ ತರುವಾಗ ಹತ್ತು ನಿಮಿಷವಾಗಿತ್ತು. ಬೆಂಚಿನಲ್ಲಿ ಬಿಳಿ ಮೀಸೆಯ ಒಬ್ಬ ಮುದುಕ, ಅವನ ಹೆಂಡತಿ, ಕಾಲ ಬಳಿ ಒಂದು ದಪ್ಪ ನಾಯಿ. ಕರ್ಚೀಫು ಇಲ್ಲ.

ಬೆಂಚಿನ ಕೆಳಗೆ ಬಗ್ಗಿ ನೋಡಿದೆ. ನಾಯಿಯ ಕೆಳಗೂ ನೋಡಿದೆ. ಹೊಳೆಯತ್ತ ನೋಡಿದೆ. ಸೆವರ್ನ್ ಎಲ್ಲೆಲ್ಲಿ ಹರಿದು ಬ್ರಿಸ್ಟಲ್ ಚಾನೆಲ್ಲಿಗೆ ಸೇರುತ್ತದೆ ಎಂದು ಬಾಯಿಪಾಠ ಬರುವವನಿಗೆ ಕರ್ಚೀಫಿನ ಮುಂದಿನ ಪ್ರಯಾಣ ಕಣ್ಣಿಗೆ ಕಟ್ಟಿತು. ಒಗೆದು, ಇಸ್ತ್ರಿ ಹಾಕಿ, ಎರಡು ವರ್ಷ ಕಾದು, ಸಮುದ್ರ ದಾಟಿ ತಂದದ್ದನ್ನು ಒಂದು ಬೆಂಚಿಗಾಗಿ ಕಳೆದೆನಲ್ಲ!

ಅಷ್ಟರಲ್ಲಿ ಮೂರು ಕಾಗದದ ಲೋಟ ಹಿಡಿದು ಸಿಲ್ವಿ ಬಂದಳು.

"ಎಂತ ಹುಡುಕ್ತಿದ್ದೀರಿ ಮಾಸ್ಟ್ರೇ?"

"ಎಂತ ಇಲ್ಲ. ಒಂದು ಕರ್ಚೀಫು."

"ಹೋದ್ರೆ ಹೋಗ್ಲಿ. ಟಿಶ್ಯೂ ಉಂಟು, ತೆಗೊಳ್ಳಿ."

"ಹೋದ್ರೆ ಹೋಗ್ಲಿ ಅನ್ನುವ ಕರ್ಚೀಫು ಅಲ್ಲ ಅದು" ಎಂದು ವಾರಿಜ ಹೇಳಿಬಿಟ್ಟಳು.

ಬೆಂಚಿನ ಮುದುಕನಿಗೆ ನಮ್ಮ ಮಾತು ತಿಳಿಯಲಿಲ್ಲವಾದರೂ ನನ್ನ ಬಗ್ಗಿದ ಸೊಂಟ ತಿಳಿಯಿತು. "ನೀಲಿ ಕರ್ಚೀಫೇ? ಇಲ್ಲಿ ಬಿದ್ದಿತ್ತು. ಕಳಕೊಂಡವರಿಗೆ ಕಾಣಲಿ ಎಂದು ಅಲ್ಲಿ ಕಟ್ಟಿಟ್ಟಿದ್ದೇನೆ" ಎಂದು ಹೂಪಾತಿಯ ಸುತ್ತಲಿನ ಕಬ್ಬಿಣದ ಬೇಲಿಯನ್ನು ತೋರಿಸಿದ. ಆ ದೇಶದಲ್ಲಿ ದಾರಿಯಲ್ಲಿ ಬಿದ್ದ ಕೈಗವಸು, ಮಗುವಿನ ಟೊಪ್ಪಿ ಸಿಕ್ಕಿದರೆ ಬೇಲಿಗೆ ಸಿಕ್ಕಿಸಿ ಹೋಗುವುದು ಕ್ರಮವಂತೆ. ಬೇಲಿಯ ಈಟಿಯೊಂದಕ್ಕೆ ಒಪ್ಪವಾಗಿ ಗಂಟು ಹಾಕಿದ ಕರ್ಚೀಫು ಹೊಳೆಗಾಳಿಗೆ ಪಟಪಟ ಎನ್ನುತ್ತಿತ್ತು.

ಬಿಚ್ಚಿ ತರಲು ಸಿಲ್ವಿ ಹೋದಳು. ಗಂಟಿಗೆ ಕೈ ಹಾಕಿದಳು. ಆಮೇಲೆ ಅವಳು ಕೈ ಅಲ್ಲಾಡಿಸಲಿಲ್ಲ. ಮೂಲೆಯ ಕೆಂಪು ಎಫ್ ಅವಳ ಹೆಬ್ಬೆರಳ ಕೆಳಗಿತ್ತು. ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಗಂಟು ಬಿಚ್ಚುವ ಹುಡುಗಿ, ಆ ಒಂದು ಗಂಟನ್ನು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡಳು. ನಾವು ಬೇರೆ ಕಡೆ ನೋಡಿದೆವು.

ತಿರುಗಿ ಬಂದವಳ ಕಣ್ಣು ಕೆಂಪಾಗಿತ್ತು, ಬಾಯಿ ನಗುತ್ತಿತ್ತು. "ಸೀಟು ಹಿಡಿದದ್ದಾ ಮಾಸ್ಟ್ರೇ? ಇಲ್ಲಿ? ಇವರಿಗೆ?" ಎಂದು, ಆ ದಂಪತಿಗೆ ನಮ್ಮೂರಿನ ಕಾನೂನನ್ನು ಇಂಗ್ಲಿಷಿನಲ್ಲಿ ತಿಳಿಸಿದಳು. ಆಗ ನಡೆದದ್ದನ್ನು ನಾನು ಮರೆಯಲಾರೆ. ಮುದುಕ ಧಡಕ್ಕನೆ ಎದ್ದು "ಸಾರಿ" ಎಂದ. ಅವನ ಹೆಂಡತಿಯೂ ಎದ್ದು "ಸಾರಿ" ಎಂದಳು. ಅವರು ಎದ್ದದ್ದಕ್ಕೆ ನಾನು "ಸಾರಿ" ಎಂದೆ. ನೀವು ಕೂರಿ ಎಂದರು, ಛೆ ನೀವು ಕೂರಿ ಎಂದೆವು. ಐದು ಜನ ನಿಂತು ಪರಸ್ಪರ ಕ್ಷಮೆ ಕೇಳುತ್ತಿರುವಾಗ ನಾಯಿ ಬೆಂಚಿನ ಮೇಲೆ ಹತ್ತಿ ಮಲಗಿತು. ಕೊನೆಗೆ ಅವರು, ತಾವು ಹೇಗೂ ಹೊರಟದ್ದೇ ಎಂಬ ಸುಳ್ಳನ್ನು ಸುಂದರವಾಗಿ ಹೇಳಿ, ನಾಯಿಯನ್ನು ಎಳೆದುಕೊಂಡು ಹೋದರು.

ನಾವು ಮೂವರು ಕೂತೆವು. ಸಿಲ್ವಿ ಕರ್ಚೀಫನ್ನು ತನ್ನ ಪಕ್ಕದಲ್ಲಿ ಉಳಿದ ಜಾಗದಲ್ಲಿ ಹಾಸಿದಳು. ಬೆಂಚಿನ ಬೆನ್ನಿಗೆ ಒಂದು ಸಣ್ಣ ಹಿತ್ತಾಳೆಯ ತಗಡು. ನಮ್ಮ ದೇವಸ್ಥಾನಗಳ ಫ್ಯಾನುಗಳ ಮೇಲೆ ಇರುವಂತೆ ದಾನಿಯ ಹೆಸರೆಂದು ವಾರಿಜ ತಿಳಿದಳು.

"ದಾನ ಕೊಟ್ಟವರದ್ದಲ್ಲ ಆಂಟಿ. ತೀರಿಹೋದವರದ್ದು. ಇವರು ಯಾರದ್ದೋ ಡ್ಯಾಡಿ, ಇಲ್ಲಿ ಬಂದು ಹೊಳೆ ನೋಡ್ತಿದ್ರಂತೆ. ಮಕ್ಕಳು ಅವರ ಹೆಸರಿನಲ್ಲಿ ಹಾಕ್ಸಿದ್ದು. ಪಾರ್ಕಿನಲ್ಲಿ ಹೀಗೆ ತುಂಬಾ ಉಂಟು. ಡ್ಯೂಟಿ ಬಿಟ್ಟು ಬರುವಾಗ ನಾನು ಒಂದೊಂದು ದಿನ ಒಬ್ಬೊಬ್ಬರ ಹತ್ರ ಕೂತ್ಕೊಳ್ಳುದು."

ಸತ್ತವರಿಗೆ ಹಿತ್ತಾಳೆಯ ಕರ್ಚೀಫು ಹಾಕಿ ಸೀಟು ಹಿಡಿದಿಡುವ ಊರು ಇದು ಎಂದುಕೊಂಡೆ. ರಾಯಭಾರದ ಹೊತ್ತು ಬಂದಿತ್ತು. ನಾನು ಗಂಟಲು ಸರಿಪಡಿಸಿ, ಊರಿನ ಹವಾಮಾನ, ಕ್ರಿಸ್ಮಸ್ ರಜೆ, ವಿಮಾನಗಳ ಸೌಕರ್ಯ ಎಂದು ಪೀಠಿಕೆ ಹಾಕುತ್ತಿದ್ದಂತೆ ಅವಳು, "ಮಮ್ಮಿ ಹೇಳಿ ಕಳಿಸಿದ್ದಲ್ವಾ?" ಎಂದಳು.

"ಇಲ್ಲ" ಎಂದೆ ನಾನು.

"ಹೌದು" ಎಂದಳು ವಾರಿಜ.

ಸಿಲ್ವಿ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಎಂತ ಹೇಳುದು ಮಾಸ್ಟ್ರೇ. ಬರ್ಲಿಕ್ಕೆ ಮನಸ್ಸು ಉಂಟು. ಗೇಟಿನವರೆಗೆ ಉಂಟು. ಗೇಟು ತೆಗೆದ ಕೂಡಲೇ ಜಗಲಿಯಲ್ಲಿ ಡ್ಯಾಡಿಯ ಕುರ್ಚಿ ಕಾಣ್ತದೆ. ನಾನು ಇಲ್ಲೇ ಇದ್ರೆ ಡ್ಯಾಡಿ ಅಲ್ಲಿ ಕೂತಿದ್ದಾರೆ. ನಾನು ಬಂದ್ರೆ ಕುರ್ಚಿ ಖಾಲಿ."

ಅಷ್ಟರಲ್ಲಿ ಐಸ್‌ಕ್ರೀಮ್ ಮುಗಿಸಿದ ಆ ಹೆಂಗಸರಲ್ಲಿ ಒಬ್ಬಳು ಬಂದು ಕರ್ಚೀಫು ಹಾಸಿದ ಜಾಗ ತೋರಿಸಿ, ಕೂರಬಹುದೇ ಎಂದು ಕೇಳಿದಳು. ಸಿಲ್ವಿ ಅದರ ಮೇಲೆ ಕೈಯಿಟ್ಟು, "ಸಾರಿ, ಜನ ಉಂಟು" ಎಂದುಬಿಟ್ಟಳು, ನಮ್ಮ ಭಾಷೆಯಲ್ಲೇ. ಆ ಹೆಂಗಸಿಗೆ ಏನು ಅರ್ಥವಾಯಿತೋ, ತಲೆಯಾಡಿಸಿ ಹೋದಳು.

ವಾರಿಜ ಡಬ್ಬಿ ತೆರೆದು ನೀರುದೋಸೆ ಹಂಚಿದಳು. ಸಿಲ್ವಿ ಬಾಟಲಿಯ ಮುಚ್ಚಳ ತೆಗೆದು ಮಿಡಿ ಕಚ್ಚಿದಳು. ಬಿಸಿಲು ಇಳಿಯುವವರೆಗೆ ದೋಣಿ ನೋಡುತ್ತ ಕೂತೆವು. ಸ್ಟೇಷನ್ನಿನಲ್ಲಿ ನಾನು ಕರ್ಚೀಫನ್ನು ಮಡಚಿ ಅವಳಿಗೆ ಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ. "ಊರಿನಲ್ಲೇ ಇರ್ಲಿ. ಇಲ್ಲಿಯವರು ಬೇಲಿಗೆ ಕಟ್ತಾರೆ."

"ಡಿಸೆಂಬರಿಗೆ ಬರ್ತೀಯಾ?" ಎಂದು ಟ್ರೇನಿನ ಬಾಗಿಲಿನಿಂದ ವಾರಿಜ ಕೇಳಿದಳು.

"ನೋಡುವಾ ಆಂಟಿ."

ನಮ್ಮೂರಿನಲ್ಲಿ 'ನೋಡುವಾ' ಎಂದರೆ ಆಗುವುದಿಲ್ಲ ಎಂಬುದರ ಮರ್ಯಾದೆಯ ರೂಪ. ಲಿಲ್ಲಿ ಬಾಯಿಗೆ ನಾನು ಸೋಲನ್ನು ಒಪ್ಪಿಸಿದೆ. ಅವರು "ಉಪ್ಪಿನಕಾಯಿ ತಿಂದಳಾ?" ಎಂದಷ್ಟೇ ಕೇಳಿದರು.

ಡಿಸೆಂಬರಿನ ಮೂರನೆಯ ವಾರ ಲಿಲ್ಲಿ ಬಾಯಿ ಬೇಲಿಯ ಮೇಲಿಂದ ಕೂಗಿದರು. ಸಿಲ್ವಿ ಬೆಂಗಳೂರಿನಲ್ಲಿ ವಿಮಾನ ಬದಲಿಸುತ್ತಿದ್ದಾಳೆ, ಮಧ್ಯಾಹ್ನಕ್ಕೆ ಮನೆಗೆ! ಹೇಳಿರಲೇ ಇಲ್ಲ. ಆ ಮನೆಯಲ್ಲಿ ಕ್ರಿಸ್ಮಸ್ ತಿಂಡಿಗಳ ಗಡಿಬಿಡಿ; ಒಲೆಯ ಸುತ್ತ ಚಿಕ್ಕಮ್ಮಂದಿರು, ಜಗಲಿಯಲ್ಲಿ ಸೋದರಮಾವಂದಿರು. ಇದ್ದಬದ್ದ ಕುರ್ಚಿಗಳೆಲ್ಲ ಭರ್ತಿ. ಪೊರ್ಬುಗಳ ಆರಾಮ ಕುರ್ಚಿಯಲ್ಲಿ ದಪ್ಪದ ಒಬ್ಬ ಮಾವ ಕೂತು ಕಡಲೆ ತಿನ್ನುತ್ತಿದ್ದರು.

ಅವರು ಕೈ ತೊಳೆಯಲು ಎದ್ದರು. ನಾನು ಬೇಲಿ ದಾಟಿ ಹೋದೆ. ಹೋದೆ, ಬಂದೆ, ಅಷ್ಟೆ.

ಕೈ ತೊಳೆದು ಬಂದ ಮಾವ ಕುರ್ಚಿಯನ್ನು ನೋಡಿದರು, ಕರ್ಚೀಫನ್ನು ನೋಡಿದರು. ಹಳೆಯ ಕಾಲದ ಮನುಷ್ಯ. "ಯಾರೋ ಉಂಟು" ಎಂದು ಗೊಣಗಿ, ಕಂಬಕ್ಕೆ ಒರಗಿ ನಿಂತರು. ಎರಡು ಗಂಟೆ ಆ ಜನಸಂದಣಿಯಲ್ಲಿ ಆ ಕುರ್ಚಿಯನ್ನು ಯಾರೂ ಮುಟ್ಟಲಿಲ್ಲ. ಕಾನೂನು ಸತ್ತಿಲ್ಲ.

ಗೇಟಿನ ಹೊರಗೆ ಕಾರು ನಿಂತಿತು. ಸಿಲ್ವಿ ಇಳಿದಳು. ಗೇಟಿನ ಮೇಲೆ ಕೈಯಿಟ್ಟು ಹಾಗೆಯೇ ನಿಂತಳು. ಅವಳ ಕಣ್ಣು ಕುರ್ಚಿಯ ಕಡೆ ಹೋಯಿತು. ಅದು ಖಾಲಿ ಇರಲಿಲ್ಲ. ನೀಲಿ ಚೌಕುಳಿ ಹಾಸಿತ್ತು. ಅವಳು ಗೇಟು ತೆರೆದು, ಅಮ್ಮನನ್ನು ತಬ್ಬಿಕೊಂಡು, ಮೆಟ್ಟಿಲು ಹತ್ತಿ, ಕುರ್ಚಿಯ ಎದುರು ಬಂದಳು. ಕರ್ಚೀಫನ್ನು ಎತ್ತಿ ನಾಲ್ಕು ಮಡಿಕೆ ಮಡಚಿದಳು. ಹಾಕಿದವನಿಗೆ ಮರಳಿಸುವುದು ಕ್ರಮವಾದ್ದರಿಂದ, ಜಗಲಿಯ ಮೆಟ್ಟಿಲ ಬದಿಯಲ್ಲಿ ನಿಂತಿದ್ದ ನನ್ನ ಕಡೆ ಕೈ ಚಾಚಿದಳು.

ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ನಾನು, "ನಾನು ಹಾಕಿದ್ದಲ್ಲ ಸಿಲ್ವಿ" ಎಂದೆ.

ಅವಳು ಕರ್ಚೀಫನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಪ್ಪನ ಕುರ್ಚಿಯಲ್ಲಿ ಕೂತಳು.